ಕಡಿಮೆ ಖರ್ಚಿನಲ್ಲಿ ವೈಜ್ಞಾನಿಕ ಅಳತೆ: ಆಳಂದ, ಅಫಜಲಪುರ, ಜೇವರ್ಗಿಗೊಂದು ಉಪಕರಣ

ಮೇ ತಿಂಗಳಿನಲ್ಲಿ ‘ಕಲಬುರಗಿಯಲ್ಲಿ ಇಂದು 43 ಡಿಗ್ರಿ’ ಎಂಬ ಸುದ್ದಿಯನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಆ 43 ಎಲ್ಲಿಯ ಉಷ್ಣತೆ? ಕಲಬುರಗಿಯ ಹವಾಮಾನ ವೀಕ್ಷಣಾಲಯದಲ್ಲಿ ಬಿಸಿಲು ತಾಗದಂತೆ, ಆದರೆ ಗಾಳಿ ಆಡುವಂತೆ ಸೀಳುಗಳಿರುವ ಬಿಳಿಯ ಪೆಟ್ಟಿಗೆಯೊಂದಿರುತ್ತದೆ. ಅದರೊಳಗೆ, ನೆಲದಿಂದ ಆಳೆತ್ತರದ ಒಳಗೆ, ಇಟ್ಟಿರುವ ಉಷ್ಣತಾಮಾಪಕ ತೋರಿಸಿದ ಅಂಕಿ ಅದು. ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳು ಅಲ್ಲಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿವೆ. ಅಲ್ಲಿನ ತಗಡಿನ ಚಾವಣಿಯ ಕೊಠಡಿಯಲ್ಲಿ ಮಧ್ಯಾಹ್ನ ಎರಡಕ್ಕೆ ಕುಳಿತ ಮಕ್ಕಳು ಎಷ್ಟು ಡಿಗ್ರಿಯಲ್ಲಿ ಪಾಠ ಕೇಳುತ್ತಾರೆ? ತೊಗರಿ ಹೊಲದ ಮಣ್ಣು ಒಂದಡಿ ಆಳದಲ್ಲಿ ಎಷ್ಟು ಹಸಿಯಾಗಿದೆ? ನಿನ್ನೆ ಸಂಜೆಯ ಮಳೆ ಅರ್ಧ ಗಂಟೆಯಲ್ಲಿ ಸುರಿಯಿತೋ, ನಾಲ್ಕು ಗಂಟೆ ಹನಿಯಿತೋ? ಈ ಪ್ರಶ್ನೆಗಳಿಗೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ಅಲ್ಲಿಯೇ ನಿಂತು ಅಳೆದರೆ ಮಾತ್ರ ಸಿಗುತ್ತದೆ.

ಇಂಥ ಅಳತೆಗೆ ಲಕ್ಷಾಂತರ ರೂಪಾಯಿಯ ಉಪಕರಣ ಬೇಕೆಂದು ಸುಮ್ಮನಿರುವ ಕಾಲ ಈಗಿಲ್ಲ. ಒಂದೆರಡು ಸಾವಿರ ರೂಪಾಯಿಯ ಒಳಗೆ ಹಗಲು ರಾತ್ರಿ ತಾನೇ ಅಳೆದು, ತಾನೇ ಬರೆದಿಟ್ಟುಕೊಳ್ಳುವ ಯಂತ್ರವನ್ನು ನೀವೇ ಜೋಡಿಸಬಹುದು. ಆದರೆ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ದುಬಾರಿ ಉಪಕರಣದ ಬೆಲೆಯ ದೊಡ್ಡ ಪಾಲು ಅದರ ಬಿಡಿಭಾಗಗಳದ್ದಲ್ಲ. ಅದನ್ನು ಪರೀಕ್ಷಿಸಿ, ತಾಳೆ ನೋಡಿ, ‘ಇದರ ದೋಷ ಇಷ್ಟರೊಳಗೆ’ ಎಂದು ಪ್ರಮಾಣಪತ್ರ ಕೊಡುವ ಶ್ರಮದ್ದು. ಅಗ್ಗದ ಉಪಕರಣ ಕೊಂಡಾಗ ನಾವು ಉಳಿಸುವುದು ಆ ಹಣವನ್ನು. ಹಾಗಾಗಿ ಆ ಶ್ರಮ ನಮ್ಮ ಪಾಲಿಗೆ ಬರುತ್ತದೆ. ಅದನ್ನು ಮಾಡಿದರೆ ಅಗ್ಗದ ಸಂವೇದಕವೂ ವಿಜ್ಞಾನದ ಸಾಧನ. ಮಾಡದಿದ್ದರೆ ಅದು ಅಂಕಿ ತೋರಿಸುವ ಆಟಿಕೆ.

ಸಂವೇದಕದಿಂದ ಅಂಕಿಯವರೆಗೆ

ಸಂವೇದಕ, ಅಂದರೆ ಸೆನ್ಸರ್, ಹೊರಗಿನ ಒಂದು ಭೌತಿಕ ಪರಿಮಾಣವನ್ನು ವಿದ್ಯುತ್ತಿನ ಭಾಷೆಗೆ ತರುತ್ತದೆ. ಎಲ್‌ಎಂ-35 ಎಂಬ ಮೂರು ಕಾಲಿನ ಪುಟ್ಟ ಬಿಲ್ಲೆಯನ್ನು ನೋಡಿ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಅದರ ವೋಲ್ಟೇಜು 10 ಮಿಲಿವೋಲ್ಟ್ ಏರುತ್ತದೆ. 40 ಡಿಗ್ರಿಯಲ್ಲಿ ಅದು 400 ಮಿಲಿವೋಲ್ಟ್ ಕೊಡುತ್ತದೆ. ಈ ವೋಲ್ಟೇಜನ್ನು ಗಣಕಕ್ಕೆ ತಿಳಿಯುವ ಅಂಕಿಯಾಗಿ ಬದಲಿಸುವ ಮಂಡಲಕ್ಕೆ ಎಡಿಸಿ ಎಂದು ಹೆಸರು. ಬಂದ ಅಂಕಿಯನ್ನು ಓದಿ, ಲೆಕ್ಕ ಮಾಡಿ, ಮೆಮೊರಿ ಕಾರ್ಡಿಗೆ ಬರೆಯುವುದು ಮೈಕ್ರೋಕಂಟ್ರೋಲರ್. ಇದು ಒಂದೇ ಬಿಲ್ಲೆಯೊಳಗೆ ಅಡಗಿದ ಪುಟ್ಟ ಗಣಕ.

2005ರಲ್ಲಿ ಇಟಲಿಯ ಇವ್ರಿಯ ಎಂಬ ಊರಿನಲ್ಲಿ ಹುಟ್ಟಿದ ಆರ್ಡುಯಿನೊ ಫಲಕ ಈ ಕೆಲಸವನ್ನು ವಿದ್ಯಾರ್ಥಿಗಳ ಕೈಗೆಟಕಿಸಿತು. ಅದರ ವಿನ್ಯಾಸವನ್ನು ಮುಕ್ತವಾಗಿ ಪ್ರಕಟಿಸಿದ್ದರಿಂದ ಯಾರು ಬೇಕಾದರೂ ಅದೇ ಮಾದರಿಯ ಫಲಕ ತಯಾರಿಸಬಹುದು. ಹಾಗಾಗಿಯೇ ಅದರ ಬೆಲೆ ಕೆಲವೇ ನೂರು ರೂಪಾಯಿಗಳಿಗೆ ಇಳಿದಿದೆ. 2010ರಲ್ಲಿ ಬಂದ ‘ಊನೊ’ ಮಾದರಿಯ ಮೈಕ್ರೋಕಂಟ್ರೋಲರಿನ ವೇಗ 16 ಮೆಗಾಹರ್ಟ್ಸ್. ಕ್ರಮವಿಧಿ ಇಡಲು 32 ಕಿಲೋಬೈಟ್, ಲೆಕ್ಕ ಮಾಡಲು ಕೇವಲ 2 ಕಿಲೋಬೈಟ್ ಜಾಗ. ನಿಮ್ಮ ಮೊಬೈಲಿನ ಮುಂದೆ ಇದು ಏನೂ ಅಲ್ಲ. ಆದರೆ ಹದಿನೈದು ನಿಮಿಷಕ್ಕೊಮ್ಮೆ ಉಷ್ಣತೆ ಓದಿ ಬರೆಯಲು ಇಷ್ಟು ಧಾರಾಳ ಸಾಕು.

ಈಗ ಒಂದು ಲೆಕ್ಕ. ಊನೊ ಫಲಕದ ಎಡಿಸಿ 10 ಬಿಟ್‌ನದು. ಅದು 0ಯಿಂದ 5 ವೋಲ್ಟ್‌ವರೆಗಿನ ವ್ಯಾಪ್ತಿಯನ್ನು 1024 ಮೆಟ್ಟಿಲುಗಳಾಗಿ ಭಾಗಿಸುತ್ತದೆ. ಒಂದು ಮೆಟ್ಟಿಲು 4.88 ಮಿಲಿವೋಲ್ಟ್, ಎಲ್‌ಎಂ-35ರ ಲೆಕ್ಕದಲ್ಲಿ ಸುಮಾರು ಅರ್ಧ ಡಿಗ್ರಿ. ಪರದೆಯ ಮೇಲೆ ‘41.47’ ಎಂದು ಎರಡು ದಶಾಂಶ ಕಂಡರೂ ಎರಡನೆಯ ದಶಾಂಶಕ್ಕೆ ಅರ್ಥವಿಲ್ಲ. ಇನ್ನೂ ಒಂದು ತೊಡಕಿದೆ. ಗಣಕದ ಯುಎಸ್‌ಬಿ ತಂತಿಯಿಂದ ಬರುವ ವೋಲ್ಟೇಜು 5 ಎಂದು ನಾವು ನಂಬುತ್ತೇವೆ, ಅದು 4.8 ಇರಬಹುದು. ಆಗ ನಿಜವಾದ 40 ಡಿಗ್ರಿ 41.5 ಡಿಗ್ರಿಯಾಗಿ ಕಾಣುತ್ತದೆ. ಸಂವೇದಕದಲ್ಲಿ ದೋಷವಿಲ್ಲ, ಅಳತೆಗೋಲೇ ಗಿಡ್ಡವಾಗಿದೆ. ಫಲಕದೊಳಗೇ ಇರುವ 1.1 ವೋಲ್ಟ್‌ನ ಆಧಾರ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಒಮ್ಮೆ ಅಳೆದುಕೊಂಡು ಬಳಸಿದರೆ ಎರಡೂ ತೊಂದರೆ ತಗ್ಗುತ್ತವೆ. ಒಂದು ಮೆಟ್ಟಿಲು ಆಗ ಸುಮಾರು 0.1 ಡಿಗ್ರಿ.

ತಂತಿ ಉದ್ದವಿದ್ದಲ್ಲಿ ಡಿಎಸ್-18ಬಿ20 ಎಂಬ ಸಂವೇದಕ ಹೆಚ್ಚು ಅನುಕೂಲ. ಅಂಕೀಕರಣ ಅದರೊಳಗೇ ನಡೆಯುವುದರಿಂದ ತಂತಿಯಲ್ಲಿ ಬರುವುದು ವೋಲ್ಟೇಜಲ್ಲ, ಅಂಕಿ. ತಯಾರಕರ ಪ್ರಕಾರ ಮೈನಸ್ 10ರಿಂದ 85 ಡಿಗ್ರಿಯವರೆಗೆ ಅದರ ದೋಷ ಅರ್ಧ ಡಿಗ್ರಿಯೊಳಗೆ. ಪ್ರತಿಯೊಂದಕ್ಕೂ ಬೇರೆಯದೇ ಗುರುತಿನ ಸಂಖ್ಯೆ ಇರುವುದರಿಂದ ಒಂದೇ ತಂತಿಗೆ ಹಲವನ್ನು ಪೋಣಿಸಬಹುದು. ಆದರೆ ಮಾರುಕಟ್ಟೆಯಲ್ಲಿ ಇದರ ನಕಲುಗಳು ಹೇರಳ, ಪರೀಕ್ಷಿಸದೆ ನಂಬಬಾರದು.

ಪ್ರಯೋಗಾಲಯದಲ್ಲಿ ಗಣಕ

ನಮ್ಮ ದೇಶದಲ್ಲಿಯೇ ಈ ದಿಕ್ಕಿನಲ್ಲಿ ಮಹತ್ವದ ಕೆಲಸ ನಡೆದಿದೆ. ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಪರಮಾಣು ನ್ಯೂಕ್ಲಿಯಸ್‌ಗಳ ಸಂಶೋಧನೆಯ ಸಂಸ್ಥೆ. ಅಲ್ಲಿನ ವಿಜ್ಞಾನಿ ಅಜಿತ್ ಕುಮಾರ್ ಮತ್ತು ಸಂಗಡಿಗರು 2000ರ ದಶಕದಲ್ಲಿ ಕಾಲೇಜುಗಳಿಗಾಗಿ ‘ಫೀನಿಕ್ಸ್’ ಎಂಬ ಯೋಜನೆ ಆರಂಭಿಸಿದರು. ಅದರಿಂದ ಹುಟ್ಟಿದ್ದು ‘ಎಕ್ಸ್‌ಪೈಸ್’ ಎಂಬ ಅಂಗೈಯಗಲದ ಪೆಟ್ಟಿಗೆ. ಗಣಕಕ್ಕೆ ಸಿಕ್ಕಿಸಿದರೆ ಅದೇ ಆಸಿಲೊಸ್ಕೋಪ್, ಅದೇ ಅಲೆಗಳನ್ನು ಉತ್ಪಾದಿಸುವ ಯಂತ್ರ, ಅದೇ ಸೂಕ್ಷ್ಮ ಗಡಿಯಾರ. ಇದರ ವಿನ್ಯಾಸ, ತಂತ್ರಾಂಶ ಎರಡೂ ಮುಕ್ತ.

ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ನೋಡಿ. 30 ಸೆಂ.ಮೀ. ಎತ್ತರದಿಂದ ಬಿಟ್ಟ ಗುಂಡು ನೆಲ ಮುಟ್ಟಲು ಸುಮಾರು 0.247 ಸೆಕೆಂಡು ಬೇಕು. ಸ್ಟಾಪ್‌ವಾಚ್ ಒತ್ತುವ ನಮ್ಮ ಬೆರಳೇ ಸುಮಾರು 0.2 ಸೆಕೆಂಡು ತಡಮಾಡುತ್ತದೆ! ವಿದ್ಯುತ್ಕಾಂತದಿಂದ ಗುಂಡನ್ನು ಬಿಡಿಸಿ, ಅದು ಬಿದ್ದ ಕ್ಷಣವನ್ನು ಸಂವೇದಕದಿಂದ ಹಿಡಿದರೆ ಅದೇ ಮೇಜಿನ ಮೇಲೆ ಗುರುತ್ವ ವೇಗೋತ್ಕರ್ಷ ಚೆನ್ನಾಗಿ ಸಿಗುತ್ತದೆ. ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಉತ್ತರ 9.8 ಎಂದು ಮೊದಲೇ ಗೊತ್ತಿರುವ ವಿದ್ಯಾರ್ಥಿ ಅದಕ್ಕೆ ತಕ್ಕ ಓದಿಕೆಗಳನ್ನು ಹಿಂದಿನಿಂದ ಲೆಕ್ಕ ಹಾಕಿ ರೆಕಾರ್ಡ್ ಪುಸ್ತಕ ತುಂಬುವುದುಂಟು. ಇದು ಎಲ್ಲ ಅಧ್ಯಾಪಕರಿಗೂ ಗೊತ್ತಿರುವ ಸಂಗತಿ. ಇದಕ್ಕೆ ಮದ್ದು ಗದರಿಕೆಯಲ್ಲ. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯನ್ನು ಅವರ ಕೈಗೆ ಕೊಡುವುದು. ಅಂಥ ಪ್ರಶ್ನೆಗಳು ಕಾಲೇಜಿನ ಹೊರಗೇ ಇವೆ. ಅಲ್ಲಿ ಒಂಟಿಯಾಗಿ ನಿಂತು ತಿಂಗಳುಗಟ್ಟಲೆ ಅಳೆಯಲು ಆರ್ಡುಯಿನೊ ಜಾತಿಯ ಫಲಕವೇ ಸೂಕ್ತ. ಮೂರು ತಾಲ್ಲೂಕುಗಳಿಂದ ಮೂರು ಉದಾಹರಣೆ ತೆಗೆದುಕೊಳ್ಳೋಣ.

ಆಳಂದ: ಮಳೆ ಎಷ್ಟು, ಎಷ್ಟು ಹೊತ್ತು?

ಆಳಂದ ತಾಲ್ಲೂಕಿನ ಅಮರ್ಜಾ ನದಿಗೆ ಕೋರಳ್ಳಿಯ ಬಳಿ ಅಣೆಕಟ್ಟೆಯಿದೆ. ಮುಂದೆ ಅದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಈ ಕಡೆಯ ಮಳೆ ಎತ್ತಿನ ಒಂದು ಕೋಡು ನೆನೆದರೆ ಇನ್ನೊಂದು ನೆನೆಯದು ಎನ್ನುವಂಥದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ 6 ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುವಂತೆ ರೂಪಿಸಿದವು. ಇದು ದೊಡ್ಡ ಸಾಧನೆ. ಆದರೂ ಒಂದು ಪಂಚಾಯಿತಿಗೆ ಹಲವು ಹಳ್ಳಿಗಳು. ಆ ಮಾಪಕದ ಮೇಲೆ ಬೀಳದ ಮಳೆ ನಿಮ್ಮ ಹೊಲದ ಮೇಲೆ ಬಿದ್ದಿರಬಹುದು.

ಇಂಥ ಮಾಪಕದ ತತ್ತ್ವ ಸರಳ. ಆಲಿಕೆಯ ಕೆಳಗೆ ತಕ್ಕಡಿಯಂತೆ ಓಲಾಡುವ ಜೋಡಿ ಬಟ್ಟಲುಗಳು. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲಿದಾಗಲೆಲ್ಲ ಬಟ್ಟಲಿಗೆ ಅಂಟಿಸಿದ ಅಯಸ್ಕಾಂತ ಒಂದು ಸ್ವಿಚ್ಚನ್ನು ದಾಟುತ್ತದೆ, ಫಲಕ ‘ಒಂದು’ ಎಂದು ಎಣಿಸುತ್ತದೆ. ಆಲಿಕೆಯ ವ್ಯಾಸ 20 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ 314 ಚದರ ಸೆಂ.ಮೀ. 0.2 ಮಿ.ಮೀ. ಮಳೆ ಎಂದರೆ 6.28 ಮಿಲಿಲೀಟರ್ ನೀರು. ಬಟ್ಟಲು ಅಷ್ಟಕ್ಕೇ ವಾಲುವಂತೆ ಕೆಳಗಿನ ತಿರುಪನ್ನು ಹೊಂದಿಸಬೇಕು.

ಹೊಂದಿಕೆ ಸರಿಯಾಯಿತೆ? 628 ಮಿಲಿಲೀಟರ್ ನೀರನ್ನು ಅಳೆದು, ಸಲೈನ್ ನಳಿಕೆಯಿಂದ ಅರ್ಧ ಗಂಟೆಯಷ್ಟು ಹೊತ್ತು ಹನಿಹನಿಯಾಗಿ ಬಿಡಿ. ನೂರು ಎಣಿಕೆ ಬರಬೇಕು. 94 ಬಂದರೆ ಗಾಬರಿ ಬೇಡ: ಈ ಮಾಪಕದಲ್ಲಿ ಒಂದು ಎಣಿಕೆ ಎಂದರೆ 0.2 ಅಲ್ಲ, 0.213 ಮಿ.ಮೀ. ಎಂದು ಬರೆದಿಟ್ಟುಕೊಳ್ಳಿ. ನೂರಕ್ಕಿಂತ ಬಹಳ ಹೆಚ್ಚು ಬಂದರೆ ಸ್ವಿಚ್ಚು ಒಂದೇ ಸಲಕ್ಕೆ ಅದುರಿ ಎರಡೆರಡು ಬಾರಿ ಮುಚ್ಚುತ್ತಿರಬಹುದು. ಒಂದು ಎಣಿಕೆಯಾದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಇನ್ನೊಂದನ್ನು ಲೆಕ್ಕಿಸದಂತೆ ಕ್ರಮವಿಧಿ ಬರೆಯಿರಿ. ಧಾರಾಕಾರ ಮಳೆಯಲ್ಲಿ ಬಟ್ಟಲು ವಾಲುವ ಹೊತ್ತಿನಲ್ಲೂ ನೀರು ಸುರಿಯುವುದರಿಂದ ಎಣಿಕೆ ತುಸು ಕಡಿಮೆಯಾಗುತ್ತದೆ. ಇದು ದುಬಾರಿ ಮಾಪಕಕ್ಕೂ ಇರುವ ದೋಷ. ಪಕ್ಕದಲ್ಲೊಂದು ಸಾದಾ ಮಳೆಮಾಪಕವಿಟ್ಟು ದಿನಕ್ಕೊಮ್ಮೆ ಕಣ್ಣಿನಿಂದ ಓದಿದರೆ ಇದು ಗೊತ್ತಾಗುತ್ತದೆ.

ದಿನದ ಮೊತ್ತ ಒಂದೇ ಸಾಲದೆ? ಸಾಲದು. 50 ಮಿ.ಮೀ. ಮಳೆ ದಿನವಿಡೀ ಬಿದ್ದರೆ ಮಣ್ಣು ಬಹುಪಾಲು ಕುಡಿಯುತ್ತದೆ. ಅದೇ ಮಳೆ ಮುಕ್ಕಾಲು ಗಂಟೆಯಲ್ಲಿ ಸುರಿದರೆ ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಓಡುತ್ತದೆ. ಬದು, ಕೃಷಿಹೊಂಡ ಎಷ್ಟು ದೊಡ್ಡದಿರಬೇಕೆಂದು ಹೇಳುವುದು ಮಳೆಯ ವೇಗ.

ಅಫಜಲಪುರ: ಹಳ್ಳದ ನೀರು ಮತ್ತು ಶಬ್ದದ ವೇಗ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳನ್ನು ಮುಳುಗಿಸಿದ್ದು ನಿಮಗೆ ನೆನಪಿರಬಹುದು. ಮೇಲಿನ ಮಹಾರಾಷ್ಟ್ರದ ಜಲಾಶಯಗಳಿಂದ, ಸೊನ್ನದ ಬ್ಯಾರೇಜಿನಿಂದ ಬಿಡುವ ನೀರಿನ ಲೆಕ್ಕ ಸರ್ಕಾರದ ಬಳಿ ಇರುತ್ತದೆ. ಆದರೆ ನದಿ ಏರಿದಾಗ ನೀರು ಹಿಮ್ಮುಖವಾಗಿ ಹಳ್ಳಗಳಿಗೆ ನುಗ್ಗಿ, ಊರಿನ ದಾರಿಯ ಕೆಳಮಟ್ಟದ ಸೇತುವೆಯನ್ನು ಮುಚ್ಚುತ್ತದೆ. ಆ ಸೇತುವೆಯಲ್ಲಿ ನೀರು ಗಂಟೆಗೆ ಎಷ್ಟು ಏರುತ್ತಿದೆ ಎಂಬುದು ಊರಿನವರಿಗೆ ಜೀವದ ಪ್ರಶ್ನೆ.

ಇದಕ್ಕೆ ಶ್ರವಣಾತೀತ ಸಂವೇದಕ ಬಳಸುತ್ತಾರೆ. ಬಾವಲಿಯಂತೆ ಅದು 40 ಕಿಲೋಹರ್ಟ್ಸ್ ಶಬ್ದ ಹೊಮ್ಮಿಸಿ, ನೀರಿಗೆ ಬಡಿದು ಮರಳುವ ಪ್ರತಿಧ್ವನಿಗೆ ಕಾಯುತ್ತದೆ. ಹೋಗಿ ಬಂದ ಕಾಲವನ್ನು ಶಬ್ದದ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ದೂರ. ಎಚ್‌ಸಿ-ಎಸ್‌ಆರ್04 ಎಂಬ ಸಾಮಾನ್ಯ ಸಂವೇದಕದ ವ್ಯಾಪ್ತಿ 2 ಸೆಂ.ಮೀ.ನಿಂದ 4 ಮೀಟರ್. ನದಿಗೆ ಸಾಲದು, ಹಳ್ಳಕ್ಕೆ, ನೀರಿನ ತೊಟ್ಟಿಗೆ ಸಾಕು. ಮಳೆಗೆ ಒಡ್ಡುವಲ್ಲಿ ನೀರು ತಾಗಿದರೂ ಕೆಡದ ಮಾದರಿ ಬೇಕು.

ಅಂತರಜಾಲದಲ್ಲಿ ಸಿಗುವ ಹೆಚ್ಚಿನ ಕ್ರಮವಿಧಿಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಬರೆದಿರುತ್ತದೆ. ಅದು 20 ಡಿಗ್ರಿಯ ಗಾಳಿಗೆ ಸರಿ. ಶಬ್ದದ ವೇಗ ಡಿಗ್ರಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. 44 ಡಿಗ್ರಿಯ ಮಧ್ಯಾಹ್ನ ಅದು ಸುಮಾರು 357 ಮೀಟರ್. ಸಂವೇದಕದಿಂದ 3 ಮೀಟರ್ ಕೆಳಗಿರುವ ನೀರು ಆಗ 2.88 ಮೀಟರ್ ದೂರದಲ್ಲಿದ್ದಂತೆ ತೋರುತ್ತದೆ. ಅಂದರೆ ನೀರು ಸುಮಾರು 12 ಸೆಂ.ಮೀ. ಏರಿದಂತೆ! ರಾತ್ರಿ ತಂಪಾದಾಗ ಮತ್ತೆ ‘ಇಳಿಯುತ್ತದೆ’. ನಿಂತ ನೀರು ದಿನವೂ ಮಧ್ಯಾಹ್ನ ಏರಿ ರಾತ್ರಿ ಇಳಿಯುವ ನಕ್ಷೆ ಕಂಡರೆ ಹಳ್ಳವನ್ನಲ್ಲ, ಗಾಳಿಯ ಉಷ್ಣತೆಯನ್ನು ಅಳೆಯುತ್ತಿದ್ದೀರಿ ಎಂದು ತಿಳಿಯಿರಿ. ಪರಿಹಾರ ಅಗ್ಗ: ಪಕ್ಕದಲ್ಲೊಂದು ಉಷ್ಣತಾ ಸಂವೇದಕವಿಟ್ಟು, ಪ್ರತಿ ಸಲವೂ ಆ ಕ್ಷಣದ ವೇಗದಿಂದ ಲೆಕ್ಕ ಮಾಡುವುದು.

ಜೇವರ್ಗಿ: ಎರೆ ಭೂಮಿಯ ತೇವ

ಜೇವರ್ಗಿಯ ಎರೆ ಭೂಮಿ ಹತ್ತಿಗೂ ತೊಗರಿಗೂ ಹೆಸರಾದದ್ದು. ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2022ರ ಹಂಗಾಮಿನಲ್ಲಿ ಅದೇ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ಅಪಾರ ಹಾನಿಯಾಯಿತು. ಈ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಶಿಲೀಂಧ್ರ. ಯಾವ ಹೊಲದ ಮಣ್ಣು ಎಷ್ಟು ದಿನ, ಎಷ್ಟು ಆಳದಲ್ಲಿ ಹಸಿಯಾಗಿತ್ತು ಎಂಬ ದಾಖಲೆ ರೈತನಲ್ಲಿದ್ದರೆ ಕೃಷಿ ವಿಜ್ಞಾನಿಯೊಡನೆ ಆಡುವ ಮಾತಿಗೆ ಒಂದು ಆಧಾರ ಸಿಗುತ್ತದೆ.

ತೇವದ ಅಗ್ಗದ ಸಂವೇದಕಗಳಲ್ಲಿ ಎರಡು ಜಾತಿ. ಮಣ್ಣಿನಲ್ಲಿ ವಿದ್ಯುತ್ ಹರಿಸಿ ರೋಧ ಅಳೆಯುವಂಥದ್ದು ಮೊದಲನೆಯದು. ಅದರ ಲೋಹದ ಕಾಲುಗಳು ಕೆಲವೇ ವಾರಗಳಲ್ಲಿ ಸವೆಯುತ್ತವೆ, ಹಾಗಾಗಿ ಅದು ಬೇಡ. ಎರಡನೆಯದು ಧಾರಕತೆ ಅಳೆಯುವಂಥದ್ದು. ನೀರಿನ ಪರಾವೈದ್ಯುತ ಸ್ಥಿರಾಂಕ ಸುಮಾರು 80, ಒಣ ಮಣ್ಣಿನದು ಐದರ ಆಸುಪಾಸು. ತೇವ ಹೆಚ್ಚಿದಂತೆ ಧಾರಕತೆ ಏರುತ್ತದೆ. ಲೋಹ ಲೇಪನದೊಳಗೆ ಇರುವುದರಿಂದ ಇದು ಬಾಳುತ್ತದೆ. ಆದರೆ ಅಂಚಿನಿಂದ ನೀರು ಒಳಸೇರದಂತೆ ಎಪಾಕ್ಸಿ ಬಳಿಯಬೇಕು.

ಸಂವೇದಕ ಕೊಡುವುದು ಬರಿಯ ಅಂಕಿ, ತೇವದ ಶೇಕಡಾವಾರಲ್ಲ. ಅದನ್ನು ನಿಮ್ಮದೇ ಮಣ್ಣಿನಿಂದ ಕಂಡುಕೊಳ್ಳಬೇಕು. ಸಂವೇದಕದ ಪಕ್ಕದ 100 ಗ್ರಾಂ ಮಣ್ಣನ್ನು 105 ಡಿಗ್ರಿಯ ಓವನ್ನಿನಲ್ಲಿ ಒಂದು ದಿನ ಒಣಗಿಸಿ ತೂಗಿ. 78 ಗ್ರಾಂ ಉಳಿದರೆ ಹೋದ ನೀರು 22 ಗ್ರಾಂ, ತೇವಾಂಶ ಒಣ ತೂಕದ ಶೇ. 28. ಒಣ, ನಸು ಹಸಿ, ಹಸಿ ಹೀಗೆ ಐದಾರು ಸಲ ಮಾಡಿ ನಕ್ಷೆ ಎಳೆದರೆ ಸಂವೇದಕದ ಅಂಕಿಗೆ ಅರ್ಥ ಬರುತ್ತದೆ. ಮರಳು ಮಿಶ್ರಿತ ಮಸಾರಿ ಮಣ್ಣಿಗೆ ಎಳೆದ ನಕ್ಷೆ ಎರೆ ಮಣ್ಣಿಗೆ ಹೊಂದುವುದಿಲ್ಲ. ಎರೆ ಮಣ್ಣಿಗೆ ಇನ್ನೊಂದು ಗುಣವಿದೆ: ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಬಿರುಕು ಸಂವೇದಕದ ಪಕ್ಕದಲ್ಲೇ ಬಂದರೆ ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯತೊಡಗುತ್ತದೆ. ನಕ್ಷೆಯಲ್ಲಿ ತೇವ ಒಮ್ಮೆಲೇ ಕುಸಿದರೆ ಹೊಲಕ್ಕೆ ಹೋಗಿ ನೋಡಿ ಬರಬೇಕು.

ನಂಬಿಕೆ ಗಳಿಸುವ ಬಗೆ

ಉಷ್ಣತಾ ಸಂವೇದಕದ ಪರೀಕ್ಷೆ ಇನ್ನೂ ಸುಲಭ. ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಅದು 0 ತೋರಿಸಬೇಕು. ಕುದಿಯುವ ನೀರಿನ ಆವಿಯಲ್ಲಿ 100 ಎಂದೀರಿ. ಆದರೆ ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 98.5 ಡಿಗ್ರಿಗೇ ಕುದಿಯುತ್ತದೆ. 100 ತೋರಿಸಿದ ಸಂವೇದಕವೇ ತಪ್ಪು! ಹೊರಗೆ ಇಡುವಾಗ ಬಿಸಿಲು ನೇರವಾಗಿ ತಾಗಿದರೆ ಸಂವೇದಕ ತೋರಿಸುವುದು ಗಾಳಿಯದಲ್ಲ, ತನ್ನದೇ ಮೈಯ ಉಷ್ಣತೆ. ಬಿಳಿಯ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲಾಗಿ, ನಡುನಡುವೆ ಬೆರಳಗಲ ಸಂದು ಬಿಟ್ಟು ಒಂದರ ಮೇಲೊಂದು ಜೋಡಿಸಿ ನಡುವೆ ಸಂವೇದಕ ಇಟ್ಟರೆ ವೀಕ್ಷಣಾಲಯದ ಪೆಟ್ಟಿಗೆಯ ಕೆಲಸವಾಗುತ್ತದೆ.

ಸಂವೇದಕಗಳು ಮೂರಿದ್ದರೆ ಮೂರನ್ನೂ ಒಂದೇ ಕಡೆ ಒಂದು ವಾರ ಓಡಿಸಿ, ಪರಸ್ಪರ ವ್ಯತ್ಯಾಸ ಬರೆದಿಟ್ಟು, ಆಮೇಲೆ ಬೇರೆ ಬೇರೆ ಊರಿಗೆ ಕಳಿಸಿ. ಹಂಗಾಮು ಮುಗಿದ ಮೇಲೆ ಮತ್ತೆ ಒಟ್ಟಿಗಿಟ್ಟು ನೋಡಿ. ಇಷ್ಟು ಮಾಡದೆ ‘ಆಳಂದಕ್ಕಿಂತ ಜೇವರ್ಗಿ ಒಂದು ಡಿಗ್ರಿ ಬಿಸಿ’ ಎನ್ನುವಂತಿಲ್ಲ. ಆ ಒಂದು ಡಿಗ್ರಿ ಊರುಗಳದ್ದೋ, ಸಂವೇದಕಗಳದ್ದೋ ಯಾರು ಹೇಳಬೇಕು?

ವಿದ್ಯುತ್ತು ಮತ್ತು ಗಡಿಯಾರ

ಹೊಲದಲ್ಲಿ ಬ್ಯಾಟರಿಯೇ ಗತಿ. ಊನೊ ಫಲಕ ಸುಮ್ಮನಿದ್ದರೂ ಸುಮಾರು 50 ಮಿಲಿಆಂಪಿಯರ್ ಎಳೆಯುತ್ತದೆ. ದಿನಕ್ಕೆ 1200 ಮಿಲಿಆಂಪಿಯರ್-ಗಂಟೆ. 2000ದ ಬ್ಯಾಟರಿ ಎರಡು ದಿನವೂ ಬಾರದು. ಅದೇ ಮೈಕ್ರೋಕಂಟ್ರೋಲರನ್ನು ಫಲಕವಿಲ್ಲದೆ ಬಳಸಿ, ಅಳತೆಯ ನಡುವೆ ನಿದ್ರೆಗೆ ಕಳಿಸಿದರೆ ಖರ್ಚು ಸಾವಿರದಲ್ಲೊಂದು ಪಾಲಿಗಿಂತ ಕಡಿಮೆಯಾಗಿ, ತಿಂಗಳುಗಟ್ಟಲೆ ಓಡುತ್ತದೆ. ಮೊದಲ ಪ್ರಯತ್ನಕ್ಕೆ ಪುಟ್ಟ ಸೌರಫಲಕವೇ ಸುಲಭ.

ಅಳತೆಗೆ ಕಾಲದ ಮುದ್ರೆ ಬೇಕು. ಡಿಎಸ್-3231 ಎಂಬ ಗಡಿಯಾರದ ಬಿಲ್ಲೆ ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪುತ್ತದೆ. ನೆನಪಿನ ಚಿಂತೆಯಂತೂ ಬೇಡ. 15 ನಿಮಿಷಕ್ಕೊಂದರಂತೆ ವರ್ಷಕ್ಕೆ 35,040 ಸಾಲು, ಸಾಲಿಗೆ 40 ಅಕ್ಷರವೆಂದರೂ 1.4 ಮೆಗಾಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರದಷ್ಟೂ ಆಗದು.

ಎಲ್ಲಿಂದ ಆರಂಭ?

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಯೋಜನೆಯಡಿ ದೇಶದ ಅನೇಕ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದವು. ಅವುಗಳಲ್ಲಿ ಇದೇ ಫಲಕಗಳಿರುತ್ತವೆ. ದೀಪ ಮಿನುಗಿಸುವ ಪ್ರದರ್ಶನ ಮುಗಿದ ಮೇಲೆ ಅವು ಕಪಾಟಿನಲ್ಲಿ ಕೂರಬೇಕಿಲ್ಲ.

ನಿಮ್ಮ ಅಂಕಿಗಳು ಸರ್ಕಾರಿ ದಾಖಲೆಯಲ್ಲ. ಪರಿಹಾರಕ್ಕೋ ವಿಮೆಗೋ ಅವು ಸಾಕ್ಷಿಯಾಗಲಾರವು, ಹಾಗೆಂದು ರೈತರಿಗೆ ಆಸೆ ಹುಟ್ಟಿಸಬೇಡಿ. ಆದರೆ ಪಂಚಾಯಿತಿಯ ಮಳೆಮಾಪಕಕ್ಕೂ ನಿಮ್ಮದಕ್ಕೂ ಒಂದು ಇಡೀ ಮುಂಗಾರು ಹೋಲಿಕೆ ಮಾಡಿದ್ದರೆ, ಒಂದು ಮಾಪಕ ಎಷ್ಟು ದೂರದವರೆಗಿನ ಮಳೆಯನ್ನು ಹೇಳಬಲ್ಲದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲಿರುತ್ತದೆ. ಅದನ್ನು ಅಧಿಕಾರಿಗಳ ಮುಂದೂ ವಿಜ್ಞಾನಿಗಳ ಮುಂದೂ ಧೈರ್ಯವಾಗಿ ಇಡಬಹುದು.

ಮೊದಲ ತಿಂಗಳು ಒಂದೇ ಒಂದು ಉಷ್ಣತಾ ಸಂವೇದಕ ಸಾಕು. ತರಗತಿಯ ಒಳಗೊಂದು ವಾರ, ಹೊರಗಿನ ನೆರಳಿನಲ್ಲೊಂದು ವಾರ ಇಡಿ. ಅದಕ್ಕೂ ಮೊದಲು ಒಂದು ನೋಟುಪುಸ್ತಕದ ಮೊದಲ ಪುಟದಲ್ಲಿ ಇವಿಷ್ಟು ಬರೆಯಿರಿ: ಸಂವೇದಕದ ಗುರುತಿನ ಸಂಖ್ಯೆ, ಇಟ್ಟ ಜಾಗ, ನೆಲದಿಂದ ಎತ್ತರ, ಮಂಜುಗಡ್ಡೆಯಲ್ಲಿ ತೋರಿಸಿದ ಅಂಕಿ, ಪರೀಕ್ಷಿಸಿದ ದಿನಾಂಕ, ಪರೀಕ್ಷಿಸಿದವರ ಸಹಿ.